ಎಡದಂಡೆಯ ಗುಡ್ಡ

"ಈ ಗುಡ್ಡ ಇಲ್ಲಿ ಯಾಕಿದೆ?"

ಚಿಕ್ಕಮ್ಮ ಹಾಗೆ ಕೇಳಿದಾಗ ಅಕ್ಕನ ಮಗಳು ಮೇಜಿನ ಆಚೆ ಬದಿಯಲ್ಲಿ ನಿಂತು ಬೆರಳುದ್ದದ ಪ್ಲಾಸ್ಟಿಕ್ ಟ್ಯಾಂಕುಗಳನ್ನು ಡಬ್ಬಿಗೆ ತುಂಬುತ್ತಿದ್ದಳು. ಅವಳ ಕೈ ನಿಂತಿತು.

ಮೇಜೆಂದರೆ ಊಟದ ಮೇಜಲ್ಲ. ರಕ್ಷಣಾ ನೀತಿ ಅಧ್ಯಯನ ಸಂಸ್ಥೆಯ ನೆಲಮಾಳಿಗೆಯ ಮುಕ್ಕಾಲು ಪಾಲನ್ನು ನುಂಗಿಕೊಂಡಿದ್ದ ಮರಳಿನ ಮೇಜು. ಅದರ ಮೇಲೆ ಒಂದು ನದಿ, ಒಂದು ಸೇತುವೆ, ಒಂದು ಗುಡ್ಡ, ಆಚೀಚೆ ರಸ್ತೆಗಳು. ಆಗಾಗ ಪ್ರಾಧ್ಯಾಪಕರೂ ಸೇನಾಧಿಕಾರಿಗಳೂ ಇದರ ಸುತ್ತ ನಿಂತು, ಕೆಂಪು ಪಕ್ಷ ನೀಲಿ ಪಕ್ಷ ಎಂದು ಪಾಲಾಗಿ, ಯುದ್ಧದ ಆಟ ಆಡುತ್ತಿದ್ದರು. ಇದರಲ್ಲಿ ಯಾರೂ ಸಾಯುತ್ತಿರಲಿಲ್ಲ. ಆಟ ಮುಗಿದ ಮೇಲೆ ತಿಂಗಳುಗಟ್ಟಲೆ ಒಬ್ಬರ ಮುಖ ಒಬ್ಬರು ನೋಡದವರು ಮಾತ್ರ ಇದ್ದರು.

"ಇನ್ನೆಲ್ಲಿರಬೇಕಿತ್ತು?" ಎಂದಳು ಹುಡುಗಿ.

"ಆ ಕಡೆ. ನಿನ್ನೆ ಕರ್ನಲ್ ಮನೆಗೆ ಹೋಗಿದ್ದೆ. ಅವರ ಹೆಂಡತಿ ಹಳೇ ಫೋಟೊ ತೋರಿಸಿದರು. ಸೇತುವೆ ಮೇಲೆ ನಿಂತು ತೆಗೆದದ್ದು, ನೀರು ನಮ್ಮಿಂದ ಆಚೆಗೆ ಹರೀತಾ ಇದೆ. ಗುಡ್ಡ ಬಲಗಡೆ. ನಿನ್ನ ಮರಳಲ್ಲಿ ಎಡಗಡೆ ಇದೆ."

ಇಂಥದ್ದು ಚಿಕ್ಕಮ್ಮನ ಕಣ್ಣು ತಪ್ಪಿಸುವುದು ಸುಲಭವಲ್ಲ. ಪೊಲೀಸ್ ಇಲಾಖೆಯಲ್ಲಿ ಅವಳು ವರ್ಷಗಳನ್ನು ಸವೆಸಿದ್ದು ರಸ್ತೆ ಅಪಘಾತಗಳ ವಿಭಾಗದಲ್ಲಿ. ಲಾರಿ ಎಡಕ್ಕೆ ಬಂತೋ ಬಲಕ್ಕೆ ಬಂತೋ ಎಂಬ ಒಂದೇ ಪ್ರಶ್ನೆಯನ್ನು ಸಾವಿರ ಜನಕ್ಕೆ ಕೇಳಿ, ಸಾವಿರ ಸುಳ್ಳು ಕೇಳಿಸಿಕೊಂಡು ನಿವೃತ್ತಳಾದವಳು. ಈಗ ಖಾಸಗಿಯಾಗಿ ಪತ್ತೇದಾರಿಕೆ. ಈ ಸಲ ಗಿರಾಕಿ ಮನೆಯವಳೇ ಆದ್ದರಿಂದ ಕೆಲಸ ಹೆಚ್ಚು, ಮರ್ಯಾದೆ ಕಡಿಮೆ.

ಗಿರಾಕಿಯ ಕಷ್ಟ ಇಷ್ಟು. ಹಳೆಯ ಗಡಿಯುದ್ಧದಲ್ಲಿ ಆ ಸೇತುವೆ ಕೈಬಿಟ್ಟದ್ದು ಶತ್ರು ಬಂದ ಮೇಲಲ್ಲ, ಒಂದು ಗುಂಡೂ ಹಾರುವ ಮೊದಲೇ ಮೇಲಿನಿಂದ ಬಂದ ಆದೇಶದಿಂದ ಎಂದು ಅವಳು ಡಾಕ್ಟರೇಟ್ ಪ್ರಬಂಧದಲ್ಲಿ ಬರೆದಿದ್ದಳು. ಆಧಾರ, ಆಗ ಗುಡ್ಡದ ಮೇಲೆ ರೇಡಿಯೊ ಹಿಡಿದು ಕೂತಿದ್ದ, ಮುಂದೆ ಕರ್ನಲ್ ಆಗಿ ನಿವೃತ್ತರಾದ ಮುದುಕರ ಸಂದರ್ಶನ. ಕರ್ನಲ್ ಹೋದ ತಿಂಗಳು ನಿದ್ದೆಯಲ್ಲೇ ತೀರಿಕೊಂಡರು. ಅದೇ ವಾರ ಸಂದರ್ಶನದ ಧ್ವನಿಮುದ್ರಣ ಬೀಗ ಹಾಕಿದ ಕಪಾಟಿನಿಂದ ಮಾಯವಾಯಿತು. ಸೂಕ್ಷ್ಮ ಸಂದರ್ಶನಗಳಿಗೆ ನಕಲು ಇರಕೂಡದೆಂಬುದು ಸಂಸ್ಥೆಯ ನಿಯಮ. ಸಂದರ್ಶನ ನಡೆದದ್ದೇ ಸುಳ್ಳು, ಹುಡುಗಿ ಕಟ್ಟಿ ಬರೆದಿದ್ದಾಳೆ ಎಂದು ದೂರು ಹೋಯಿತು. ನಾಳೆ ಬೆಳಿಗ್ಗೆ ಸಮಿತಿ ಸೇರುತ್ತದೆ. ಧ್ವನಿಮುದ್ರಣ ಸಿಗದಿದ್ದರೆ ಪದವಿ ಹೋಗುತ್ತದೆ, ಅದರ ಹಿಂದೆ ಹೆಸರೂ ಹೋಗುತ್ತದೆ.

"ಗುಡ್ಡದ ವಿಷಯ ಹೇಳಬಾರದು ಅಂತ ನಿಯಮ ಇದೆ," ಎಂದಳು ಹುಡುಗಿ.

"ನಾಳೆ ಸಾಯಂಕಾಲದ ಮೇಲೆ ನಿನಗೆ ಈ ಸಂಸ್ಥೆಯ ಯಾವ ನಿಯಮವೂ ಅನ್ವಯ ಆಗಲ್ಲ. ಈಗಲೇ ಹೇಳು."

ಹುಡುಗಿ ಟ್ಯಾಂಕನ್ನು ಕೆಳಗಿಟ್ಟಳು. "ಆಟಕ್ಕೆ ನಿಜವಾದ ಜಾಗವನ್ನೇ ತಗೋತೀವಿ. ಆದರೆ ಆಡೋರಿಗೆ ಗುರುತು ಹತ್ತಬಾರದು. ಹತ್ತಿದರೆ ಹಿಂದೆ ನಡೆದದ್ದನ್ನೇ ಮತ್ತೆ ಆಡ್ತಾರೆ, ತಲೆ ಓಡಿಸಲ್ಲ. ಅದಕ್ಕೆ ಪ್ರತಿ ಸಲ ಏನಾದರೂ ಬದಲಾಯಿಸ್ತೀವಿ. ಒಂದು ಸಲ ಊರನ್ನೇ ತೆಗೆದುಬಿಟ್ಟಿದ್ವಿ. ಈ ಸಲ ಇಡೀ ನಕ್ಷೆಯನ್ನ ಕನ್ನಡಿಯಲ್ಲಿ ನೋಡಿದ ಹಾಗೆ ಮಗುಚಿದೆ. ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ. ಆಟ ಮುಗಿದ ಮೇಲೆ ಎಲ್ಲರಿಗೂ ಹೇಳೋದು."

"ಆಟ ಮುಗೀತಾ?"

"ಶುರುವಾಗೋದರಲ್ಲಿ ಈ ಗಲಾಟೆ. ಮುಂದಕ್ಕೆ ಹಾಕಿದರು."

"ಹಾಗಾದರೆ ಮಗುಚಿದ್ದು ಯಾರಿಗೆ ಗೊತ್ತು?"

"ಮಾಡಿದವಳು ನಾನು. ನನಗೆ ಮಾತ್ರ."

"ನಿರ್ದೇಶಕರಿಗೆ?"

"ಅವರಿಗೆ ಪ್ರತಿ ಸಲ ಕೆಂಪು ಪಕ್ಷದ ಸೇನಾಪತಿ ಆಗಲೇಬೇಕು ಚಿಕ್ಕಮ್ಮ. ಆಡೋರಿಗೆ ಹೇಳೋ ಹಾಗಿಲ್ಲ, ಅವರಾದರೂ ಸರಿ."

"ಕರ್ನಲ್‌ಗೆ?"

ವಾರದಿಂದ ಕಂಡಿರದ ಒಂದು ನಗು ಹುಡುಗಿಯ ಮುಖದ ಮೇಲೆ ಹಾದು ಹೋಯಿತು. "ಅವರು ಒಳಗೆ ಬಂದವರೇ ನಕ್ಕುಬಿಟ್ಟರು. ನನ್ನ ಗುಡ್ಡಾನ ಯಾರಮ್ಮ ಎತ್ತಿ ಆಚೆ ದಡಕ್ಕೆ ಇಟ್ಟವರು ಅಂದರು. ವಿಷಯ ಹೇಳಿದೆ. ಸರಿ, ನಿನ್ನ ಕನ್ನಡಿಯಲ್ಲೇ ನಾನೂ ಮಾತಾಡ್ತೀನಿ ಅಂತ, ಪೂರ್ತಿ ಸಂದರ್ಶನ ಈ ಮೇಜು ತೋರಿಸಿಕೊಂಡೇ ಕೊಟ್ಟರು. 'ಎಡದಂಡೆಯ ಗುಡ್ಡದ ಮೇಲೆ ಕೂತಿದ್ದೆ, ಆದೇಶ ಬಂತು,' ಹೀಗೆ."

"ನಕ್ಕದ್ದು, ಕನ್ನಡಿ ಅಂದದ್ದು, ಅದೂ ಧ್ವನಿಮುದ್ರಣದಲ್ಲಿದೆಯಾ?"

"ಇಲ್ಲ. ಆಗಿನ್ನೂ ರೆಕಾರ್ಡರ್ ಹಾಕಿರಲಿಲ್ಲ."

"ಪ್ರಬಂಧದಲ್ಲಿ ಯಾವ ದಂಡೆ ಅಂತ ಬರೆದೆ?"

"ಬಲದಂಡೆ ಅಂತ ತಿದ್ದಿಕೊಂಡೆ. ನಿಜ ಅದೇ ತಾನೆ. ಯಾಕೆ ತಿದ್ದಿದೆ ಅಂತ ಅಡಿಟಿಪ್ಪಣಿ ಹಾಕಬೇಕಿತ್ತು. ಆಟ ಮುಗಿಯೋ ತನಕ ಹಾಕೋ ಹಾಗಿರಲಿಲ್ಲ. ಆಮೇಲೆ ಸೇರಿಸೋಣ ಅಂತ ಬಿಟ್ಟೆ."

"ಅಚ್ಚಾದ ಪುಸ್ತಕಗಳಲ್ಲಿ?"

"ಗುಡ್ಡದ ಮಾತೇ ಇಲ್ಲ. ಗಡಿ ಜಾಗ, ಸರಿಯಾದ ನಕ್ಷೆ ಹೊರಗೆ ಸಿಗಲ್ಲ. ನನಗೆ ಅನುಮತಿ ಸಿಗೋ ಹೊತ್ತಿಗೆ ಸಾಕುಸಾಕಾಗಿತ್ತು."

ಚಿಕ್ಕಮ್ಮ ನದಿಯ ಉಗಮದ ಕಡೆ ಹೋಗಿ, ನೀರು ಹರಿಯುವ ದಿಕ್ಕಿಗೆ ಮುಖ ಮಾಡಿ ನಿಂತಳು. ಎಡಗೈ ಕಡೆಯದು ಎಡದಂಡೆ. ಗುಡ್ಡ ಅಲ್ಲೇ ಕೂತಿತ್ತು, ತಾನೇನೂ ತಪ್ಪು ಮಾಡಿಲ್ಲವೆಂಬ ಹಾಗೆ.

ಜಾಗ ಕಂಡವನು ಬಲ ಎನ್ನುತ್ತಾನೆ. ಪ್ರಬಂಧ ಓದಿದವನೂ ಬಲ ಎನ್ನುತ್ತಾನೆ. ಕರ್ನಲ್ ಎಡದಂಡೆಯಲ್ಲಿ ಕೂತಿದ್ದರು ಎಂದು ಯಾರಾದರೂ ಹೇಳಿದರೆ, ಅವರು ಅದನ್ನು ಕೇಳಿರಬಹುದಾದ ಜಾಗ ಒಂದೇ.

ಇದನ್ನು ಅವಳು ಬಾಯಿ ಬಿಟ್ಟು ಹೇಳಲಿಲ್ಲ. ಗಿರಾಕಿಗೆ ಎಲ್ಲವನ್ನೂ ಹೇಳುವ ಅಭ್ಯಾಸ ಅವಳಿಗಿರಲಿಲ್ಲ, ಗಿರಾಕಿಗೆ ತಾನೇ ಜಡೆ ಹಾಕಿ ಬೆಳೆಸಿದ್ದರೂ ಕೂಡ.

"ಕೊನೇ ಪ್ರಶ್ನೆ. ಕರ್ನಲ್‌ಗೆ ನೀನು ಮೊದಲೇ ಏನಾದರೂ ಬರೆದು ಕೊಟ್ಟಿದ್ದೆಯಾ?"

"ಒಂದು ಸಾಲೂ ಇಲ್ಲ. ಬರೆದು ಕೊಟ್ಟರೆ ಅವರ ನೆನಪು ಅವರದಾಗಿ ಉಳಿಯಲ್ಲ. ಮೊದಲನೇ ವರ್ಷದಲ್ಲೇ ಅದನ್ನ ಕಲಿಸ್ತಾರೆ."

ಹುಡುಗಿ ಡಬ್ಬಿಯ ಮುಚ್ಚಳ ಒತ್ತಿ ಹಾಕಿದಳು.

ಕಪಾಟಿನ ಬೀಗದ ಕೈ ಇದ್ದದ್ದು ದಾಖಲೆ ವಿಭಾಗದ ಹೆಂಗಸಿನ ಬಳಿ. ಸಂಸ್ಥೆಗೆಲ್ಲ ಆಕೆ ಬೀಗದಮ್ಮ. ಚಿಕ್ಕಮ್ಮ ಹೋದಾಗ ಆಕೆ ಕುರ್ಚಿಯ ಗಾಲಿಯೊಂದನ್ನು ಕಳಚಿ, ಅದಕ್ಕೆ ಸುತ್ತಿಕೊಂಡ ಕೂದಲನ್ನು ಕತ್ತರಿಯಿಂದ ಬಿಡಿಸುತ್ತಿದ್ದಳು.

"ಕರ್ನಲ್ ಯುದ್ಧದ ಟೈಮಲ್ಲಿ ಯಾವ ದಂಡೆಯಲ್ಲಿದ್ದರು, ಎಡವೋ ಬಲವೋ?"

"ನದಿಗೂ ಎಡಗೈ ಬಲಗೈ ಇರುತ್ತಾ? ನನ್ನನ್ಯಾಕೆ ಕೇಳ್ತೀರ ಅದನ್ನೆಲ್ಲ? ಬೀಗ ಹಾಕಿದ್ದೆ. ಬೀಗ ಒಡೆದಿಲ್ಲ. ಇದಕ್ಕಿಂತ ಹೆಚ್ಚು ನಂಗೊತ್ತಿಲ್ಲ."

"ಇನ್ನೊಂದು ಕೀ ಯಾರ ಹತ್ತಿರ ಇದೆ?"

ಆಕೆ ಕತ್ತರಿಯ ತುದಿಯಿಂದ ಛಾವಣಿ ತೋರಿಸಿದಳು. ಮೇಲಿನ ಮಹಡಿಯಲ್ಲಿದ್ದದ್ದು ನಿರ್ದೇಶಕರ ಕೋಣೆ ಮತ್ತು ಹಿರಿಯ ಸಂಶೋಧಕರ ಕೋಣೆಗಳು. "ಮೇಲೆ. ಯಾವ ಮೇಜಿಂದ ಯಾವ ಮೇಜಿಗೆ ಹೋಗುತ್ತೋ ಆ ದೇವರಿಗೇ ಗೊತ್ತು."

ಹಿರಿಯ ಸಂಶೋಧಕರಲ್ಲಿ ದೂರು ಕೊಟ್ಟವನು ಒಬ್ಬನೇ. ಶೇಕಡಾವಾರು ಲೆಕ್ಕವಿಲ್ಲದೆ ಬಾಯಿ ತೆರೆಯದ ಕಾರಣ ಅವನಿಗೆ ಶೇಕಡಾ ಎಂದೇ ಹೆಸರು. ಮೆಟ್ಟಿಲ ಬಳಿಯ ಚಹಾ ಯಂತ್ರದ ಮುಂದೆ ಕಾಗದದ ಲೋಟ ಹಿಡಿದು ನಿಂತಿದ್ದ.

"ನಿಮ್ಮ ಹುಡುಗಿ ಮೇಲೆ ನನಗೆ ವೈಯಕ್ತಿಕವಾಗಿ ಏನೂ ಇಲ್ಲ," ಎಂದು ತಾನೇ ಶುರು ಮಾಡಿದ. "ಒಬ್ಬ ಮುದುಕನ ನೆನಪಿನ ಮೇಲೆ ಇತಿಹಾಸ ಬರೆಯೋಕಾಗಲ್ಲ ಅಷ್ಟೆ. ಯುದ್ಧದ ನೆನಪುಗಳಲ್ಲಿ ಶೇಕಡಾ ನಲವತ್ತು ಆಮೇಲೆ ಸೇರಿಸಿಕೊಂಡದ್ದು."

"ಅವರು ಕೂತಿದ್ದ ಜಾಗವೂ ಸೇರಿಸಿಕೊಂಡದ್ದೇ? ಎಡದಂಡೆಯೋ, ಬಲದಂಡೆಯೋ?"

"ಬಲದಂಡೆ. ಪ್ರಬಂಧದಲ್ಲೇ ಇದೆಯಲ್ಲ. ಓದಿಲ್ವಾ ನೀವು?"

ತಡಬಡಾಯಿಸದೆ ಹೇಳಿದ. ಚಿಕ್ಕಮ್ಮನಿಗೆ ಸ್ವಲ್ಪ ನಿರಾಸೆಯಾಯಿತು. ಕಳ್ಳ ಇವನೇ ಆಗಿದ್ದರೆ ಚೆನ್ನಾಗಿತ್ತೆಂದು ಅವಳಿಗೆ ಮೊದಲ ದಿನದಿಂದಲೂ ಅನ್ನಿಸುತ್ತಿತ್ತು. ಅನ್ನಿಸಿದ್ದಕ್ಕೆಲ್ಲ ಬೇಡಿ ತೊಡಿಸಲಾಗುವುದಿಲ್ಲ.

"ಮೇಲೆ ಹೋಗ್ತಿದೀರ? ಹುಷಾರು," ಎಂದ ಶೇಕಡಾ, ಚಹಾ ಊದುತ್ತ. "ನಮ್ಮ ಸಾಹೇಬರ ಎದುರು ತಾರೀಕು ತಪ್ಪು ಹೇಳಬೇಡಿ. ಕರ್ನಲ್ ಅಂತ್ಯಕ್ರಿಯೆಯಲ್ಲಿ ಹೂವಿನ ಚಕ್ರದ ಮೇಲಿನ ಬರಹದಲ್ಲಿ ತಪ್ಪಿತ್ತು ಅಂತ ಜೇಬಿಂದ ಪೆನ್ ತೆಗೆದು ತಿದ್ದಿದರು. ಹೆಂಡತಿ ಅಲ್ಲೇ ನಿಂತು ಅಳ್ತಾ ಇದ್ದರು."

ನಿರ್ದೇಶಕರು ಸಮವಸ್ತ್ರ ತೊಟ್ಟವರಲ್ಲ, ಗಡಿಯ ಕಡೆ ತಲೆ ಹಾಕಿ ಮಲಗಿದವರೂ ಅಲ್ಲ. ರಕ್ಷಣಾ ಬಜೆಟ್ಟಿನ ಪಂಡಿತರು. ಯಾವ ಫಿರಂಗಿ ಯಾವ ವರ್ಷ ಯಾರ ಕಾಲದಲ್ಲಿ ಬಂತೆಂದು ನಿದ್ದೆಗಣ್ಣಲ್ಲಿ ಕೇಳಿದರೂ ಹೇಳುತ್ತಿದ್ದರು. ಕೋಣೆ ಅಚ್ಚುಕಟ್ಟಾಗಿತ್ತು. ಕಿಟಕಿಯಾಚೆ ಸಂಸ್ಥೆಯ ಅಂಗಳ, ಅಂಗಳದಲ್ಲಿ ಅಲಂಕಾರಕ್ಕಿಟ್ಟ ಹಳೆಯ ಫಿರಂಗಿ, ಅದರ ಬಾಯೊಳಗೆ ಪಾರಿವಾಳದ ಸಂಸಾರ.

ಹುಡುಗಿಯ ಪಾಲಿಗೆ ಈ ಸಂಸ್ಥೆಯಲ್ಲಿ ಒಳ್ಳೆಯ ಮಾತಾಡಿದವರು ಇವರೊಬ್ಬರೇ. ಅದೂ ಚಿಕ್ಕಮ್ಮನ ನೆನಪಿನಲ್ಲಿತ್ತು.

"ನಿಮ್ಮನ್ನೇ ಕರೆಸೋಣ ಅಂತಿದ್ದೆ," ಎಂದರು ನಿರ್ದೇಶಕರು, ಕುರ್ಚಿ ತಾವೇ ಎಳೆದುಕೊಟ್ಟು. "ಒಂದು ದಾರಿ ಇದೆ. ಅವಳು ಆ ಅಧ್ಯಾಯವನ್ನ ಹಿಂದಕ್ಕೆ ತಗೊಳ್ಳಲಿ. ಆಧಾರ ಕಳೆದುಹೋಗಿದೆ, ಅಜಾಗರೂಕತೆ ಆಯ್ತು, ಕ್ಷಮಿಸಿ ಅಂತ ಬರೆಯಲಿ. ಸಮಿತಿಯನ್ನ ನಾನು ನೋಡ್ಕೋತೀನಿ. ಎಚ್ಚರಿಕೆ ಕೊಟ್ಟು ಬಿಡ್ತಾರೆ. ಪದವಿ ಉಳಿಯುತ್ತೆ."

"ಕಟ್ಟುಕಥೆ ಬರೆದೆ ಅಂತ ಒಪ್ಪಿಕೊಂಡ ಹಾಗಾಗಲ್ವಾ?"

"ಅಜಾಗರೂಕತೆ ಬೇರೆ, ಕಟ್ಟುಕಥೆ ಬೇರೆ. ನಮ್ಮ ಕ್ಷೇತ್ರದಲ್ಲಿ ಮೊದಲನೇದಕ್ಕೆ ಕ್ಷಮೆ ಇದೆ."

"ಅವಳು ಅಂಥ ಅಜಾಗರೂಕಳಲ್ಲ ಸಾರ್. ಚಿಕ್ಕಂದಿನಲ್ಲಿ ಪೆನ್ಸಿಲ್‌ಗಳನ್ನ ಉದ್ದದ ಪ್ರಕಾರ ಜೋಡಿಸಿಡ್ತಿದ್ದಳು."

ನಿರ್ದೇಶಕರು ನಕ್ಕರು. ಆ ನಗುವಿನಲ್ಲಿ ನಿಜವಾದ ಅಕ್ಕರೆ ಇತ್ತು. ಮೇಜಿನ ಮೇಲಿದ್ದ ಪ್ರಬಂಧ ತೆರೆದು ಅವಳ ಕಡೆ ತಿರುಗಿಸಿದರು. ಅಂಚಿನ ತುಂಬ ಪೆನ್ಸಿಲ್ ಗುರುತುಗಳಿದ್ದವು.

"ಜಾಣೆ, ಇಲ್ಲ ಅನ್ನಲ್ಲ. ಆದರೆ ಅವಸರ. ನೋಡಿ, ಇಲ್ಲೊಂದು ವರ್ಷ ತಪ್ಪು. ಇಲ್ಲಿ ದಳದ ಹೆಸರು ಅರ್ಧ. ಇಲ್ಲಂತೂ ದಂಡೆಯೇ ತಪ್ಪು. ಕರ್ನಲ್ ಬಲದಂಡೆ ಗುಡ್ಡದಲ್ಲಿದ್ದರು ಅಂತ ಬರೆದಿದ್ದಾಳೆ. ಎಡದಂಡೆ ಅದು."

ಚಿಕ್ಕಮ್ಮ ಪ್ರಬಂಧದ ಮೇಲಿದ್ದ ಕಣ್ಣು ಎತ್ತಲಿಲ್ಲ. ಇಷ್ಟು ಸುಲಭವಾಗಿ ಸಿಕ್ಕೀತೆಂದು ಅವಳು ಅಂದುಕೊಂಡಿರಲಿಲ್ಲ. ಸಿಕ್ಕವರು ಇವರಾಗಬಾರದಿತ್ತು ಎಂದೂ ಅನ್ನಿಸಿತು.

"ಎಡದಂಡೆ ಅಂತ ನಿಮಗೆ ಖಚಿತವಾಗಿ ಗೊತ್ತಾ?"

"ಖಚಿತವಾಗಿ ಗೊತ್ತಿಲ್ಲದೆ ನಾನು ಅಂಚಿನಲ್ಲಿ ಬರೆಯಲ್ಲ."

"ನೀವು ಆ ಜಾಗಕ್ಕೆ ಹೋಗಿದೀರ?"

"ಇಲ್ಲ."

"ಯಾವುದಾದರೂ ಪುಸ್ತಕದಲ್ಲಿ ನೋಡಿದ್ದಾ?"

"ಪುಸ್ತಕ ಅಂತಲ್ಲ." ಅವರು ಕನ್ನಡಕ ತೆಗೆದು ಒರೆಸಿದರು. "ಕರ್ನಲ್ ಯಾವಾಗಲೋ ಹೇಳಿದ ನೆನಪು."

"ಅವರು ನಿಮಗೆ ಹೇಳಿರಲ್ಲ ಸಾರ್. ಹೇಳಿದ್ದರೆ ಬಲ ಅಂತಲೇ ಹೇಳಿರುತ್ತಿದ್ದರು. ಗುಡ್ಡ ಇರೋದು ಬಲದಂಡೆಯಲ್ಲೇ. ಅವರ ಮನೆ ಗೋಡೆ ಮೇಲೆ ಫೋಟೊ ಇದೆ. ಕರ್ನಲ್ ಬದುಕಿನಲ್ಲಿ ಒಂದೇ ಒಂದು ಮಧ್ಯಾಹ್ನ ಅದನ್ನ ಎಡ ಅಂದದ್ದು, ಕೆಳಗಿನ ನಿಮ್ಮ ಮರಳಿನ ಮೇಜಿನ ಮುಂದೆ ನಿಂತು. ಈ ಸಲದ ಆಟಕ್ಕೆ ನಕ್ಷೆ ಮಗುಚಿದ್ದಾರೆ. ನೀವು ಕೆಂಪು ಪಕ್ಷದವರು, ನಿಮಗೆ ಹೇಳಿಲ್ಲ."

ಅಂಗಳದ ಪಾರಿವಾಳ ಫಿರಂಗಿಯಿಂದ ಹೊರಗೆ ಬಂದು ರೆಕ್ಕೆ ಕೊಡವಿಕೊಂಡಿತು. ನಿರ್ದೇಶಕರು ಅದನ್ನೇ ನೋಡುತ್ತಿದ್ದರು. ಆಮೇಲೆ ಅವರು ಮಾಡಿದ್ದು ಚಿಕ್ಕಮ್ಮ ನಿರೀಕ್ಷಿಸದ್ದು. ಪೆನ್ಸಿಲ್ ತೆಗೆದುಕೊಂಡು, ಅಂಚಿನಲ್ಲಿದ್ದ ತಮ್ಮ ಗುರುತನ್ನು ಅದರ ತುದಿಯ ರಬ್ಬರಿನಿಂದ ಅಳಿಸಿ, ಪುಡಿಯನ್ನು ಊದಿದರು.

"ಹಾಗಾದರೆ ತಪ್ಪು ನನ್ನದು," ಎಂದರು.

"ಧ್ವನಿಮುದ್ರಣ ಎಲ್ಲಿದೆ ಸಾರ್?"

ಅವರು ವಾದ ಮಾಡಲಿಲ್ಲ. ಮೇಜಿನ ಕೆಳಗಿನ ಖಾನೆ ತೆರೆದು, ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡದಾದ ಕಪ್ಪು ಯಂತ್ರವೊಂದನ್ನು ತೆಗೆದು ಇಬ್ಬರ ನಡುವೆ ಇಟ್ಟರು.

ವಾರದಿಂದ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಹುಡುಕಿದ್ದು ಎದುರಿಗಿತ್ತು. ಚಿಕ್ಕಮ್ಮನಿಗೆ ಹಗುರವಾಯಿತು. ನಾಳೆ ಇದನ್ನು ಸಮಿತಿಯ ಮುಂದಿಟ್ಟರೆ ಮುಗಿಯಿತು, ಅಕ್ಕನ ಮನೆಯಲ್ಲಿ ಮತ್ತೆ ಎಲ್ಲರೂ ಒಟ್ಟಿಗೆ ಕೂತು ಊಟ ಮಾಡಬಹುದು. ಅವಳು ಕೈ ಚಾಚಿದಳು.

"ತಗೊಳ್ಳಿ, ಬೇಡ ಅನ್ನಲ್ಲ," ಎಂದರು ನಿರ್ದೇಶಕರು. "ಯಾಕೆ ತೆಗೆದೆ ಅಂತ ಕೇಳಲ್ವಾ?"

"ಕೇಳ್ತಿದೀನಿ."

"ಕರ್ನಲ್ ತೀರಿಕೊಂಡ ದಿನ, ಅವರ ಧ್ವನಿ ಕೇಳಬೇಕು ಅನ್ನಿಸಿತು. ನನಗೆ ಬೇಕಾದವರಾಗಿದ್ದರು. ಕೀ ನನ್ನ ಹತ್ತಿರ ಇತ್ತು. ಪೂರ್ತಿ ಕೇಳಿದ ಮೇಲೆ ವಾಪಸ್ ಇಡೋಕಾಗಲಿಲ್ಲ. ಇದು ಕಳೆದುಹೋದರೆ ಅವಳು ಅಜಾಗರೂಕಳು. ಇದು ಸಿಕ್ಕರೆ ಅವಳು ಇನ್ನೇನೋ. ಅದಕ್ಕೇ ತೆಗೆದೆ. ಕಳ್ಳತನವೇ, ಒಪ್ಕೋತೀನಿ."

ಗುಂಡಿ ಒತ್ತಿದರು. ಮೊದಲು ಒಂದು ಕೆಮ್ಮು. ಆಮೇಲೆ ಕರ್ನಲ್ ಅವರ ಧ್ವನಿ, ನಿಧಾನ, ಒಂದೊಂದು ಪದವನ್ನೂ ಹೆಜ್ಜೆ ಹಾಕಿಸಿದಂತೆ. ಗುಡ್ಡದ ಮೇಲೆ ಕೂತದ್ದು, ರೇಡಿಯೊ ಗೊರಗೊರ ಎಂದದ್ದು, ಎಡದಂಡೆ. ಅವರು ನಡುವೆ ತಡವರಿಸುತ್ತಿದ್ದರು, ಹಿಂದಕ್ಕೆ ಹೋಗಿ ತಿದ್ದಿಕೊಳ್ಳುತ್ತಿದ್ದರು. ನಿಜ ಹೇಳುವ ಸಾಕ್ಷಿಗಳು ಮಾತಾಡುವುದೇ ಹಾಗೆ ಎಂದು ಚಿಕ್ಕಮ್ಮನಿಗೆ ಸಮಾಧಾನವಾಯಿತು.

ನಿರ್ದೇಶಕರು ಯಂತ್ರವನ್ನು ಮುಂದಕ್ಕೆ ಓಡಿಸಿದರು. "ಇನ್ನು ಇಲ್ಲಿ ಕೇಳಿ. ಆದೇಶದ ಭಾಗ."

ಅದೇ ಧ್ವನಿ. ಆದರೆ ತಡವರಿಕೆ ಇರಲಿಲ್ಲ. ಯಾರು ಆದೇಶ ಕೊಟ್ಟರು, ಯಾವ ಮಾತಿನಲ್ಲಿ ಕೊಟ್ಟರು, ಶತ್ರು ಆಗ ಎಲ್ಲಿದ್ದ, ಎಲ್ಲವೂ ಪೂರ್ಣವಾಕ್ಯಗಳಲ್ಲಿ ಒಂದರ ಹಿಂದೊಂದು ಬಂದವು. ಪ್ರಬಂಧದ ಆ ಅಧ್ಯಾಯ ನಿಂತಿದ್ದದ್ದು ಈ ವಾಕ್ಯಗಳ ಮೇಲೆ. ಕೊನೆಯಲ್ಲಿ ಕಾಗದ ಮಡಚುವ ಸರಪರ ಸದ್ದು ಕೇಳಿಸಿತು.

"ನೀನು ಬರೆದುಕೊಟ್ಟ ಹಾಗೇ ಓದಿದೀನಮ್ಮ," ಎಂದರು ಸತ್ತ ಕರ್ನಲ್. "ಸರಿಯಾಯ್ತಾ?"

"ಸರಿಯಾಯ್ತು ಅಜ್ಜ," ಎಂದಿತು ಹುಡುಗಿಯ ಧ್ವನಿ.

ನಿರ್ದೇಶಕರು ಅಲ್ಲಿಗೇ ನಿಲ್ಲಿಸಿದರು.

ಆ ಧ್ವನಿ ಮಾತು ಕಲಿತದ್ದು ಚಿಕ್ಕಮ್ಮನ ತೊಡೆಯ ಮೇಲೆ. ಅದು ಬೇರೆ ಯಾರದೋ ಇರಬಹುದೆಂದು ತನಗೆ ತಾನೇ ಹೇಳಿಕೊಳ್ಳುವ ದಾರಿ ಅವಳಿಗಿರಲಿಲ್ಲ. ಒಂದು ಸಾಲೂ ಕೊಟ್ಟಿಲ್ಲ ಎಂದದ್ದೂ ಅದೇ ಧ್ವನಿ, ಈಗ ತಾನೆ, ಈ ಕಟ್ಟಡದ ಬುಡದಲ್ಲಿ ನಿಂತು. ಅವಳಿಗೆ ನೋವಾಯಿತು. ಆ ನೋವಿನ ಪಕ್ಕದಲ್ಲೇ, ಇಷ್ಟು ವರ್ಷದ ಅಭ್ಯಾಸ ಮೂಗು ತೂರಿಸಿ, ಯಂತ್ರದ ಪುಟ್ಟ ಪರದೆ ನೋಡೆಂದಿತು. ಪರದೆಯ ಮೇಲಿನ ಗೆರೆ ಕೊನೆ ಮುಟ್ಟಿರಲಿಲ್ಲ, ಕೇಳದ ಭಾಗ ಇನ್ನೂ ಉಳಿದಿತ್ತು.

"ಈಗ ಹೇಳಿ," ಎಂದರು ನಿರ್ದೇಶಕರು, ಖಾಲಿ ಹಾಳೆಯೊಂದನ್ನು ಅವಳ ಕಡೆ ಸರಿಸಿ. "ನಾಳೆ ಸಮಿತಿಯ ಮುಂದೆ ಇಡೋದು ಯಾವುದು? ಅವಳ ಕ್ಷಮಾಪಣೆಯೋ, ಇದೋ? ನೀವು ಯಾವುದು ಅಂದರೂ ನಾನು ತಡೆಯಲ್ಲ."

ಚಿಕ್ಕಮ್ಮ ಉತ್ತರ ಕೊಡುವ ಮೊದಲೇ ಬಾಗಿಲು ತಟ್ಟಿದ ಸದ್ದಾಯಿತು. ಅಕ್ಕನ ಮಗಳು ಟ್ಯಾಂಕುಗಳ ಡಬ್ಬಿಯನ್ನು ಎದೆಗವಚಿಕೊಂಡು ಹೊಸ್ತಿಲಲ್ಲಿ ನಿಂತಿದ್ದಳು. ಅವಳು ನಿರ್ದೇಶಕರನ್ನು ನೋಡಲಿಲ್ಲ, ಚಿಕ್ಕಮ್ಮನನ್ನೂ ನೋಡಲಿಲ್ಲ. ಮೇಜಿನ ಮೇಲಿದ್ದ ಕಪ್ಪು ಯಂತ್ರವನ್ನು ನೋಡಿದಳು. ಅದು ಸಿಕ್ಕಿತೆಂಬ ಸಂತೋಷ ಅವಳ ಮುಖದಲ್ಲಿ ಕಾಣಲಿಲ್ಲ.

"ಎಲ್ಲೀವರೆಗೆ ಕೇಳಿಸಿದರು ಚಿಕ್ಕಮ್ಮ?" ಎಂದಳು. "ಸರಿಯಾಯ್ತು ಅಜ್ಜ ಅಂತ ನಾನು ಹೇಳ್ತೀನಲ್ಲ, ಅಲ್ಲಿಗೇ ನಿಲ್ಲಿಸಿದರಾ? ಅದರ ಮುಂದಿನದು ಕೇಳಿಸಲಿಲ್ವಾ?"

ನಿರ್ದೇಶಕರ ಕೈ ಆಗಲೇ ಯಂತ್ರದ ಮೇಲಿತ್ತು.